ಸುವಾರ್ತೆಯಲ್ಲಿ ಇಲ್ಲದ ಛತ್ರದವನು, ಇರುವ ಛತ್ರದವನು

ಕ್ರಿಸ್ಮಸ್ ಹತ್ತಿರವಾದಾಗ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ನಾಟಕದ ಪಾತ್ರಗಳನ್ನು ಹಂಚುತ್ತಾರೆ. ಮರಿಯಳಾಗಲು, ದೇವದೂತರಾಗಲು ಮಕ್ಕಳಲ್ಲಿ ಪೈಪೋಟಿ ಇರುತ್ತದೆ. ಕಿರೀಟದ ಆಸೆಗೆ ಹೆರೋದನ ಪಾತ್ರಕ್ಕೂ ಹುಡುಗರು ಮುಂದೆ ಬರುತ್ತಾರೆ. ಕೊನೆಗೆ ಉಳಿಯುವವನು ಛತ್ರದವನು. ಅವನಿಗೆ ಇರುವುದು ಒಂದೇ ಮಾತು, ಒಂದೇ ಕೆಲಸ: ಜಾಗವಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಳ್ಳುವುದು. ಒಂದು ವರ್ಷ ಅಭ್ಯಾಸ ನಡೆಯುತ್ತಿದ್ದಾಗ ಆ ಪಾತ್ರ ಸಿಕ್ಕ ಹುಡುಗ ಬಾಗಿಲೆಂದು ನಿಲ್ಲಿಸಿದ್ದ ರಟ್ಟಿನ ಹಿಂದೆ ನಿಂತು, "ಮಿಸ್, ಇವನ ಮನೇಲಿ ನಿಜವಾಗ್ಲೂ ಜಾಗ ಇರ್ಲಿಲ್ವಾ, ಇಲ್ಲ ಸುಳ್ಳು ಹೇಳ್ತಾನಾ?" ಎಂದು ಕೇಳಿದ. ಅವನಿಗೆ ಅದು ತಿಳಿಯಲೇಬೇಕಿತ್ತು, ಏಕೆಂದರೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಅದರ ಮೇಲೆ ನಿಂತಿತ್ತು. ಟೀಚರ್ ಸ್ವಲ್ಪ ಹೊತ್ತು ಯೋಚಿಸಿ, "ಸಿಟ್ಟಿನಿಂದ ಹೇಳು ಸಾಕು" ಎಂದರು. ಹುಡುಗ ಸಿಟ್ಟಿನಿಂದ ಹೇಳಿದ. ನೋಡುತ್ತಿದ್ದ ಚಿಕ್ಕ ಮಕ್ಕಳು ಅವನನ್ನು ಗದರಿದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಮತ್ತೆ ನಿಧಾನವಾಗಿ ಓದಿದೆ. ಅಲ್ಲಿ ಛತ್ರದವನೇ ಇಲ್ಲ. ತಟ್ಟಿದ ಬಾಗಿಲಿಲ್ಲ, ಅಲೆದಾಡಿದ ರಾತ್ರಿಯಿಲ್ಲ, ತಿರಸ್ಕಾರದ ಮಾತಿಲ್ಲ. ಅವರು ಬೆತ್ಲೆಹೇಮಿನಲ್ಲಿ ಇದ್ದಾಗ ಮರಿಯಳಿಗೆ ದಿನ ತುಂಬಿತು ಎಂದಿದೆ; ಅಂದರೆ ಅವರು ಊರಿಗೆ ಬಂದು ಕೆಲವು ದಿನಗಳೇ ಆಗಿದ್ದಿರಬಹುದು. ತಂಗುವಲ್ಲಿ ಸ್ಥಳವಿರಲಿಲ್ಲವಾದ್ದರಿಂದ ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು ಎಂಬ ಅರ್ಧ ವಾಕ್ಯದಿಂದ ಒಬ್ಬ ಕಠಿಣ ಹೃದಯದ ಮನುಷ್ಯನನ್ನು ಮುಂದಿನ ತಲೆಮಾರುಗಳು ಕಟ್ಟಿಕೊಂಡಿವೆ. ಅದು ಯೋಸೇಫನ ಪೂರ್ವಿಕರ ಊರು. ನೆಂಟರ ಮನೆಯೇ ಜನರಿಂದ ಕಿಕ್ಕಿರಿದಿತ್ತು, ಆ ಕಾಲದ ಹಳ್ಳಿಮನೆಗಳಲ್ಲಿ ದನಕರುಗಳನ್ನು ಮನೆಯೊಳಗೇ ಒಂದು ಕಡೆ ಕಟ್ಟುತ್ತಿದ್ದುದರಿಂದ ಗೋದಲಿಯೂ ಒಳಗೇ ಇತ್ತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಅದೇ ಲೂಕನ ಹತ್ತನೆಯ ಅಧ್ಯಾಯದಲ್ಲಿ ನಿಜವಾಗಿಯೂ ಒಬ್ಬ ಛತ್ರದವನಿದ್ದಾನೆ. ಯೇಸು ಹೇಳಿದ ಸಾಮತಿ, ಎಂದರೆ ದೃಷ್ಟಾಂತ ಕಥೆ, ಅದು: ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವವನೊಬ್ಬನನ್ನು ಕಳ್ಳರು ಹೊಡೆದು ಬಿಟ್ಟುಹೋಗುತ್ತಾರೆ; ಒಬ್ಬ ಯಾಜಕನೂ ದೇವಾಲಯದ ಸೇವೆಯ ಲೇವಿಯನೊಬ್ಬನೂ ನೋಡಿ ದಾಟಿಹೋಗುತ್ತಾರೆ; ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬ ಅವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಪ್ರಾಣಿಯ ಮೇಲೆ ಛತ್ರಕ್ಕೆ ಒಯ್ದು, ಮಾರನೆಯ ದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟು ಹೊರಡುತ್ತಾನೆ. ಸಮಾರ್ಯದವನ ಸಾಮತಿಯನ್ನು ಬಾಯಿಪಾಠ ಹೇಳಬಲ್ಲ ನಮಗೆ ಯಾಜಕ ನೆನಪಿದ್ದಾನೆ, ಲೇವಿಯನು ನೆನಪಿದ್ದಾನೆ, ಎಣ್ಣೆ ಮತ್ತು ದ್ರಾಕ್ಷಾರಸ ನೆನಪಿವೆ, ಹೊತ್ತು ತಂದ ಪ್ರಾಣಿಯೂ ನೆನಪಿದೆ. ಗಾಯಗೊಂಡವನನ್ನು ಒಳಗೆ ಕರೆದುಕೊಂಡು, ತಂದವನು ಹೊರಟುಹೋದ ಮೇಲೆಯೂ ನೋಡಿಕೊಂಡವನನ್ನು ಮಾತ್ರ ಮರೆತಿದ್ದೇವೆ. ಬರಹದಲ್ಲಿ ಇಲ್ಲದ ಛತ್ರದವನನ್ನು ವರ್ಷವರ್ಷವೂ ವೇದಿಕೆಗೆ ತಂದು ಬೈಯುವ ನಾವು, ಬರಹದಲ್ಲಿ ಇರುವವನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಇದು ಅನ್ಯಾಯ ಎಂದು ನನಗೆ ಬಲವಾಗಿ ಅನಿಸಿತು.

ದುಡ್ಡು ಕೊಟ್ಟು ತಂಗುವ ಜಾಗ

ಅವನ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ಅಂದಿನ ಛತ್ರಗಳು ಹೇಗಿದ್ದವು ಎಂಬುದನ್ನು ನೋಡಬೇಕು. ದಾನಿಗಳು ಕಟ್ಟಿಸಿ ಯಾತ್ರಿಕರಿಗೆ ಊಟ ಹಾಕಿಸುತ್ತಿದ್ದ ನಮ್ಮ ಧರ್ಮಛತ್ರಗಳನ್ನು ಇಲ್ಲಿ ಮನಸ್ಸಿಗೆ ತಂದುಕೊಳ್ಳಬಾರದು. ರೋಮನ್ನರ ಕಾಲದ ಛತ್ರ ಒಂದು ವ್ಯಾಪಾರ. ಒಂದು ಅಂಗಳ, ಗಾಡಿ ನುಗ್ಗುವಷ್ಟು ಅಗಲದ ಬಾಗಿಲು, ಕೆಳಗೆ ಹೇಸರಗತ್ತೆಗಳ ಲಾಯ, ಮೇಲೆ ಅಥವಾ ಪಕ್ಕದಲ್ಲಿ ಚಿಕ್ಕ ಕೋಣೆಗಳು; ಪೊಂಪೆಯಲ್ಲಿ ಊರಬಾಗಿಲುಗಳ ಬಳಿ ಅಗೆದಾಗ ಸಿಕ್ಕ ಛತ್ರಗಳ ಸ್ವರೂಪ ಹೆಚ್ಚುಕಡಿಮೆ ಇದೇ. ಇಟಲಿಯ ಇಸೆರ್ನಿಯಾದಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ, ಹೊರಡಲು ಸಿದ್ಧನಾದ ಪ್ರಯಾಣಿಕನೊಬ್ಬ ಛತ್ರ ನಡೆಸುವವರ ಜೊತೆ ಲೆಕ್ಕ ಮಾಡುತ್ತಿರುವ ಚಿತ್ರವನ್ನೂ ಅವರ ಮಾತುಕತೆಯನ್ನೂ ಕೆತ್ತಿದ್ದಾರೆ: ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಒಂದು ಆಸ್, ನಂಜಿಕೊಳ್ಳಲು ಕೊಟ್ಟ ಪದಾರ್ಥಕ್ಕೆ ಎರಡು, ಹೆಣ್ಣಿಗೆ ಎಂಟು, ಹೇಸರಗತ್ತೆಯ ಹುಲ್ಲಿಗೆ ಎರಡು. ಹದಿನಾರು ಆಸ್ ಎಂಬ ತಾಮ್ರದ ಕಾಸುಗಳಿಗೆ ಒಂದು ಬೆಳ್ಳಿಯ ದಿನಾರಿ. ಹೆಣ್ಣಿನ ಬೆಲೆಯನ್ನು ಹುಲ್ಲಿನ ಬೆಲೆಯ ಪಕ್ಕದಲ್ಲೇ ಎಣಿಸಿರುವ ಆ ಸಾಲನ್ನು ಓದಿದಾಗ ಛತ್ರಗಳಿಗೆ ಕೆಟ್ಟ ಹೆಸರು ಏಕಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಯೆರಿಕೋವಿನ ವೇಶ್ಯೆ ರಾಹಾಬಳ ಮನೆಯನ್ನು ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಛತ್ರವೆಂದೇ ಹೇಳಿದ್ದಾನೆ. ಅವನ ಓದುಗರಿಗೆ ಅದರಲ್ಲಿ ಅಚ್ಚರಿಯೇನೂ ಕಂಡಿರಲಾರದು.

ಕಳ್ಳತನದ ಭಯ ಬೇರೆ. ರೋಮಿನ ನ್ಯಾಯಾಧಿಕಾರಿಗಳ ಆಜ್ಞೆಯಲ್ಲಿ ಹಡಗಿನವರು, ಛತ್ರದವರು, ಲಾಯದವರು ಈ ಮೂವರನ್ನು ಒಟ್ಟಿಗೆ ಸೇರಿಸಿ ಒಂದು ವಿಶೇಷ ನಿಯಮವಿತ್ತು: ಇವರು ತಮ್ಮ ವಶಕ್ಕೆ ತೆಗೆದುಕೊಂಡ ವಸ್ತುವನ್ನು ಹಾಗೆಯೇ ಹಿಂದಿರುಗಿಸದಿದ್ದರೆ ಅದಕ್ಕೆ ಇವರೇ ಹೊಣೆ. ಪ್ರಯಾಣಿಕರು ಇವರನ್ನು ನಂಬದೆ ಗತಿಯಿಲ್ಲ, ಹೀಗೆ ಬಿಗಿ ಮಾಡದಿದ್ದರೆ ಇವರು ಕಳ್ಳರೊಂದಿಗೆ ಕೈಜೋಡಿಸುತ್ತಾರೆ ಎಂದು ಮೂರನೆಯ ಶತಮಾನದ ಆರಂಭದ ಕಾನೂನು ಪಂಡಿತ ಉಲ್ಪಿಯನ್ ಅದಕ್ಕೆ ಕಾರಣ ಕೊಡುತ್ತಾನೆ. ಯೆಹೂದ್ಯರಲ್ಲದವರ ಛತ್ರಗಳಲ್ಲಿ ದನಗಳನ್ನು ಬಿಡಬಾರದೆಂದು ಯೆಹೂದ್ಯರ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಇನ್ನು ಹಾಸಿಗೆಯ ಮಾತು. ಎರಡನೆಯ ಶತಮಾನದ ಹೊತ್ತಿಗೆ ಕ್ರೈಸ್ತರ ನಡುವೆ ಓಡಾಡುತ್ತಿದ್ದ, ಸತ್ಯವೇದದಲ್ಲಿ ಸೇರದ 'ಯೋಹಾನನ ಕೃತ್ಯಗಳು' ಎಂಬ ಕಥೆಯಲ್ಲಿ ಅಪೊಸ್ತಲ ಯೋಹಾನನು ಎಫೆಸದ ದಾರಿಯಲ್ಲಿ ಪಾಳುಬಿದ್ದ ಛತ್ರವೊಂದರಲ್ಲಿ ತಂಗುತ್ತಾನೆ. ಇದ್ದದ್ದು ಒಂದೇ ಮಂಚ. ಅದರ ತುಂಬ ತಿಗಣೆ. ಒಂದು ರಾತ್ರಿಯ ಮಟ್ಟಿಗೆ ಜಾಗ ಬಿಟ್ಟುಕೊಡಿ ಎಂದು ಅವನು ತಿಗಣೆಗಳಿಗೆ ಹೇಳುತ್ತಾನೆ, ಬೆಳಗ್ಗೆ ಅವು ಬಾಗಿಲ ಬಳಿ ಸಾಲಾಗಿ ಕಾದು ನಿಂತಿರುತ್ತವೆ. ವಿಧೇಯತೆಯ ಪಾಠಕ್ಕಾಗಿ ಹೇಳಿದ ಕಥೆಯಿದು. ಆದರೂ ಛತ್ರದಲ್ಲಿ ಮಲಗಿ ಅನುಭವವಿದ್ದ ಯಾರೋ ಕಟ್ಟಿದ ಕಥೆ ಎಂಬುದು ಸ್ಪಷ್ಟ.

ಪರಿಚಿತರ ಮನೆಗಳು

ಇಂಥ ಕಾರಣಗಳಿಂದಲೇ ಸಾಧ್ಯವಿದ್ದವರೆಲ್ಲರೂ ಛತ್ರವನ್ನು ತಪ್ಪಿಸಿ ಮನೆಗಳಲ್ಲಿ ಉಳಿಯುತ್ತಿದ್ದರು. ಸತ್ಯವೇದದ ಪ್ರಯಾಣಗಳನ್ನು ಈ ದೃಷ್ಟಿಯಿಂದ ಓದಿದರೆ ಅದು ಮನೆಗಳ ಒಂದು ಉದ್ದ ಸಾಲಾಗಿ ಕಾಣುತ್ತದೆ. ಶೂನೇಮಿನ ಹೆಂಗಸು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಚಿಕ್ಕ ಕೋಣೆ ಕಟ್ಟಿಸಿ, ಅದರಲ್ಲಿ ಮಂಚ, ಮೇಜು, ಕುರ್ಚಿ, ದೀಪ ಇಡಿಸುತ್ತಾಳೆ. ಪೇತ್ರನು ಯೊಪ್ಪದಲ್ಲಿ ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ ಉಳಿಯುತ್ತಾನೆ. ಪೌಲನನ್ನು ಫಿಲಿಪ್ಪಿಯಲ್ಲಿ ಲುದ್ಯಳು ಬಲವಂತ ಮಾಡಿ ಮನೆಗೆ ಕರೆಯುತ್ತಾಳೆ. ಕೊರಿಂಥದಲ್ಲಿ ಅವನು ಗುಡಾರ ಮಾಡುವ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಅದೇ ಕಸುಬು ಮಾಡುತ್ತಾ ಇರುತ್ತಾನೆ. ಕೈಸರೈಯದಲ್ಲಿ ಫಿಲಿಪ್ಪನ ಮನೆ, ಯೆರೂಸಲೇಮಿಗೆ ಹೋಗುವಾಗ ಕುಪ್ರದ ಮ್ನಾಸೋನನ ಮನೆ. ಸೆರೆಯಲ್ಲಿದ್ದುಕೊಂಡೇ ಫಿಲೆಮೋನನಿಗೆ ಬರೆದ ಪುಟ್ಟ ಪತ್ರದ ಕೊನೆಯಲ್ಲಿ, ನನಗಾಗಿ ಇಳುಕೊಳ್ಳುವ ಸ್ಥಳವನ್ನು ಸಿದ್ಧಮಾಡು ಎಂದು ಕೇಳುತ್ತಾನೆ. ಕೈದಿಯಾಗಿ ರೋಮಿಗೆ ಹೋಗುವಾಗ ಪೊತಿಯೋಲದ ಸಹೋದರರು ಅವನನ್ನು ಏಳು ದಿನ ಇರಿಸಿಕೊಂಡರು. ಅಲ್ಲಿಂದ ಮುಂದೆ ಅಪ್ಪಿಯಪೇಟೆಗೂ, ಮೂರು ಛತ್ರಗಳೆಂದೇ ಹೆಸರಾದ ತಾಣಕ್ಕೂ ರೋಮಿನ ವಿಶ್ವಾಸಿಗಳು ನಡೆದು ಬಂದು ಅವನನ್ನು ಎದುರುಗೊಂಡರು. ಅಪ್ಪಿಯಪೇಟೆ ರೋಮಿನಿಂದ ಸುಮಾರು 63 ಕಿಲೋಮೀಟರ್ ದೂರ. ಅದಕ್ಕೂ ನೂರು ವರ್ಷಗಳ ಹಿಂದೆ ಕವಿ ಹೊರೇಸ್ ಆ ಊರು ದೋಣಿಯವರಿಂದಲೂ ಜಿಪುಣ ಛತ್ರದವರಿಂದಲೂ ತುಂಬಿತ್ತೆಂದು ಬರೆದಿದ್ದ. ಅಂಥ ಊರಿನಲ್ಲಿ ಅವರನ್ನು ಕಂಡು ಪೌಲನು ದೇವರಿಗೆ ಸ್ತೋತ್ರ ಮಾಡಿ ಧೈರ್ಯಗೊಂಡನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಈ ಸಾಲನ್ನು ಓದುವಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಈ ಏರ್ಪಾಡಿಗೂ ಶ್ರಮವಿತ್ತು, ತೊಡಕುಗಳಿದ್ದವು. ಕೆಂಖ್ರೆಯ ಫೊಯಿಬೆಯನ್ನು ಸೇರಿಸಿಕೊಳ್ಳಿರೆಂದು ರೋಮಿನವರಿಗೆ ಪೌಲನು ಶಿಫಾರಸು ಬರೆಯಬೇಕಾಯಿತು. ಯೋಹಾನನ ಮೂರನೆಯ ಪತ್ರ ಹುಟ್ಟಿದ್ದೇ ದಿಯೊತ್ರೇಫನೆಂಬವನು ಬಂದ ಸಹೋದರರನ್ನು ಸೇರಿಸದೆ, ಸೇರಿಸುವವರನ್ನೂ ತಡೆದದ್ದರಿಂದ. ಆತಿಥ್ಯವನ್ನು ದುರುಪಯೋಗ ಮಾಡುವವರೂ ಬೇಗನೆ ಬಂದರು. 'ದಿದಖೆ' ಎಂಬ ಬಹಳ ಹಳೆಯ ಸಭಾನಿಯಮಗಳ ಪುಸ್ತಿಕೆ ಲೆಕ್ಕವನ್ನೇ ಇಡುತ್ತದೆ: ಸಂಚಾರಿ ಅಪೊಸ್ತಲನು ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡನೆಯ ದಿನವೂ ಇರಲಿ, ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ, ಸಾಮಾನ್ಯ ಪ್ರಯಾಣಿಕನಿಗೆ ಎರಡು ಮೂರು ದಿನ, ಊರಲ್ಲೇ ನೆಲೆಸಬೇಕೆಂದರೆ ಕಸುಬು ಮಾಡಿ ಉಣ್ಣಲಿ. ಕಠಿಣವಾಗಿ ಕೇಳಿದರೂ ಇದು ಬಾಗಿಲು ಮುಚ್ಚುವವರ ನಿಯಮವಲ್ಲ. ನಾಳೆಯೂ ಬಾಗಿಲು ತೆರೆದಿರಬೇಕೆಂದು ಬಯಸಿದವರು ಮಾಡಿಕೊಂಡದ್ದು.

ಯೆಹೂದ್ಯರಲ್ಲೂ ಹೀಗೆಯೇ ನಡೆದಿತ್ತು. 1913-14ರಲ್ಲಿ ಯೆರೂಸಲೇಮಿನ ದಕ್ಷಿಣದ ಗುಡ್ಡದಲ್ಲಿ ಅಗೆಯುತ್ತಿದ್ದ ಫ್ರೆಂಚ್ ಸಂಶೋಧಕ ರೇಮನ್ ವೇಯ್ಲ್‌ಗೆ ಹತ್ತು ಸಾಲಿನ ಗ್ರೀಕ್ ಶಾಸನವೊಂದು ಸಿಕ್ಕಿತು. ಥಿಯೊಡೊಟಸ್ ಎಂಬ ಯಾಜಕ, ತಾನೂ ತನ್ನ ತಂದೆಯೂ ತಾತನೂ ಸಭಾಮಂದಿರದ ಮುಖ್ಯಸ್ಥರಾಗಿದ್ದವರೆಂದು ಹೇಳಿಕೊಂಡು, ಧರ್ಮಶಾಸ್ತ್ರದ ಓದಿಗಾಗಿ ಸಭಾಮಂದಿರವನ್ನೂ, ಪರದೇಶದಿಂದ ಬಂದು ಅಗತ್ಯದಲ್ಲಿರುವವರು ತಂಗಲು ಅತಿಥಿಗೃಹ, ಕೋಣೆಗಳು ಮತ್ತು ನೀರಿನ ಅನುಕೂಲವನ್ನೂ ಕಟ್ಟಿಸಿದ್ದಾಗಿ ಅದರಲ್ಲಿ ಹೇಳಿದ್ದಾನೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಗುವುದಕ್ಕೆ ಮುಂಚಿನದೆಂದು ಹೆಚ್ಚಿನ ವಿದ್ವಾಂಸರು ಒಪ್ಪುವ ಶಾಸನವಿದು. ನೀರನ್ನು ಮರೆಯದೆ ಕೆತ್ತಿಸಿದ ಆ ಯಾಜಕನ ಬಗ್ಗೆ ನನಗೆ ಗೌರವವಿದೆ; ಮೈಲಿಗಟ್ಟಲೆ ನಡೆದು ಬಂದವರಿಗೆ ಮೊದಲು ಬೇಕಾಗುವುದು ಅದೇ.

ಆದರೆ ಈ ಎಲ್ಲ ಬಾಗಿಲುಗಳೂ ತಮ್ಮವರಿಗೆ, ಅಥವಾ ತಮ್ಮವರ ಪತ್ರ ತಂದವರಿಗೆ ತೆರೆಯುತ್ತಿದ್ದವು. ಸಮಾರ್ಯದವನಿಗೆ ಯೂದಾಯದ ದಾರಿಯಲ್ಲಿ ಅಂಥ ಮನೆ ಎಲ್ಲಿತ್ತು? ಲೂಕನ ಒಂಬತ್ತನೆಯ ಅಧ್ಯಾಯದಲ್ಲಿ ಸಮಾರ್ಯದ ಹಳ್ಳಿಯೊಂದು ಯೇಸುವನ್ನೇ ಸೇರಿಸಲಿಲ್ಲ, ಏಕೆಂದರೆ ಅವನು ಯೆರೂಸಲೇಮಿನ ಕಡೆಗೆ ಹೊರಟಿದ್ದ; ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಯಾಕೋಬ ಯೋಹಾನರು ಕೇಳಿ ಗದರಿಸಿಕೊಂಡರು. ಮರು ಅಧ್ಯಾಯದಲ್ಲೇ ಯೇಸು ಸಮಾರ್ಯದವನೊಬ್ಬನನ್ನು ಯೆಹೂದ್ಯರ ದಾರಿಯಲ್ಲಿ ನಡೆಸುತ್ತಾನೆ. ದ್ವೇಷ ಎರಡೂ ಕಡೆ ಇತ್ತು, ಹಾಗಾಗಿ ಬಾಗಿಲುಗಳು ಎರಡೂ ಕಡೆ ಮುಚ್ಚಿದ್ದವು. ಅವನು ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದದ್ದು ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲವಾದ್ದರಿಂದ. ಯಾರ ಪರಿಚಯಪತ್ರವನ್ನೂ ಕೇಳದೆ ಎಲ್ಲರನ್ನೂ ಒಳಗೆ ಬಿಡುತ್ತಿದ್ದುದು ಆ ಹೆಸರುಗೆಟ್ಟ ಛತ್ರವೊಂದೇ.

ಎರಡು ದಿನಾರಿ, ಮತ್ತು ಮಾರನೆಯ ದಿನ

ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ದಾರಿ 1000 ಮೀಟರ್ ಇಳಿಯುತ್ತದೆ, ಏಕೆಂದರೆ ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಎರಡೂ ಕಡೆ ಬೋಳು ಗುಡ್ಡ, ಕೊರಕಲು, ಗುಹೆ. ಸಂಜೆ ಆ ದಾರಿಯಲ್ಲಿ ಛತ್ರ ನಡೆಸುವವನ ಬಾಗಿಲಿಗೆ ಒಬ್ಬ ಸಮಾರ್ಯದವನು ಬರುತ್ತಾನೆ. ಅವನ ಪ್ರಾಣಿಯ ಮೇಲೆ ಬಟ್ಟೆಯೂ ಇಲ್ಲದ, ಅರೆಜೀವವಾದ ಮನುಷ್ಯ. ಇವನೇ ಹೊಡೆದು ತಂದನೋ, ಸತ್ತರೆ ಕೇಳುವವರು ಯಾರನ್ನು ಕೇಳುತ್ತಾರೋ, ಕಳ್ಳರು ಹಿಂದೆಯೇ ಬರುತ್ತಾರೋ ಎಂದು ಯಾರಿಗಾದರೂ ಅನಿಸುವಂಥ ಹೊತ್ತು. ಜಾಗವಿಲ್ಲ ಎನ್ನಲು ಅವನಿಗೆ ಎಲ್ಲ ಕಾರಣಗಳೂ ಇದ್ದವು. ಸಾಮತಿಯಲ್ಲಿ ಆ ಮಾತು ಬರುವುದಿಲ್ಲ.

ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಒಮ್ಮೆ ಅಯ್ಯನವರು ಈ ಭಾಗವನ್ನು ವಿವರಿಸುತ್ತಿದ್ದರು. ಸಮಾರ್ಯದವನ ಕರುಣೆಯ ಬಗ್ಗೆ ಮಾತು ಮುಗಿಸಿ ಪ್ರಾರ್ಥನೆಗೆ ಏಳಬೇಕೆನ್ನುವಾಗ, ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದ ಹಿರಿಯ ಅಮ್ಮನೊಬ್ಬರು ಕುಳಿತಲ್ಲಿಂದಲೇ, "ಅಯ್ಯನವರೇ, ಅವನು ಮಾರನೇ ದಿನ ಹೊರಟುಹೋದನಲ್ಲ, ಆಮೇಲೆ ಆ ಗಾಯ ತೊಳೆದೋರು ಯಾರು?" ಎಂದರು. ಅಯ್ಯನವರು ಪುಸ್ತಕ ನೋಡಿ, ಛತ್ರದವನಿಗೆ ವಹಿಸಿದನಲ್ಲಮ್ಮ ಎಂದರು. "ಮೊದಲನೇ ದಿನ ಎಣ್ಣೆ ಹಚ್ಚೋದು ಸುಲಭ. ಮೂರನೇ ದಿನ ಗಾಯ ಕೀವು ಕಟ್ಟುತ್ತೆ, ಜ್ವರ ಬರುತ್ತೆ, ಪಕ್ಕ ತಿರುಗಿಸೋಕೂ ಇಬ್ಬರು ಬೇಕು. ಆ ಮನೇಲಿ ಆಳುಗಳು ಇದ್ದಿರಬೇಕು, ಹೆಂಗಸರು ಇದ್ದಿರಬೇಕು" ಎಂದು ಆಕೆ ಹೇಳಿದರು. ಅವರ ದನಿಯಲ್ಲಿ ಯಾವ ದೂರೂ ಇರಲಿಲ್ಲ. ಎಷ್ಟೋ ವರ್ಷ ರಾತ್ರಿ ಪಾಳಿ ಮಾಡಿದವರಿಗೆ ಕಥೆಯಲ್ಲಿ ಬಿಟ್ಟುಹೋದ ರಾತ್ರಿಗಳು ಕಂಡಿದ್ದವು. ಅಲ್ಲಿಯವರೆಗೆ ನಾನು ಆ ಛತ್ರವನ್ನು ಕಥೆ ಮುಗಿಯುವ ಜಾಗವೆಂದು ಓದುತ್ತಿದ್ದೆ. ಅಂದಿನಿಂದ ಆರೈಕೆ ಆರಂಭವಾಗುವ ಜಾಗವೆಂದು ಓದುತ್ತೇನೆ.

ಹಣದ ಲೆಕ್ಕವನ್ನೂ ನೋಡಬೇಕು. ದ್ರಾಕ್ಷಿತೋಟದ ಆಳುಗಳ ಸಾಮತಿಯ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ. ಎರಡು ದಿನಾರಿಗೆ ಮೂವತ್ತೆರಡು ಆಸ್. ಇಸೆರ್ನಿಯಾದ ಕಲ್ಲಿನ ದರದಲ್ಲಿ ರೊಟ್ಟಿ, ದ್ರಾಕ್ಷಾರಸ, ನಂಜಿಕೊಳ್ಳುವುದಕ್ಕೆ ಸೇರಿ ಮೂರು ಆಸ್; ಹಾಗೆ ನೋಡಿದರೆ ಹತ್ತು ಹೊತ್ತಿನ ಊಟಕ್ಕೆ ಸಾಕು. ಊರೂರಿಗೆ ದರ ಬೇರೆಯಾಗಿರುತ್ತಿತ್ತು. ಪಾಲಿಬಿಯಸ್ ಎಂಬ ಇತಿಹಾಸಕಾರ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಉತ್ತರ ಇಟಲಿಯ ಸಮೃದ್ಧ ಬಯಲಿನ ಛತ್ರಗಳು ದಿನಕ್ಕೆ ಅರ್ಧ ಆಸ್‌ಗೆ ಎಲ್ಲವನ್ನೂ ಒದಗಿಸುತ್ತಿದ್ದವೆಂದು ಬೆರಗಿನಿಂದ ಬರೆದಿದ್ದಾನೆ. ಯಾವ ದರ ಹಿಡಿದರೂ ಎರಡು ದಿನಾರಿಯ ಊಟಕ್ಕೆ ಒಂದು ಅಳತೆಯಿದೆ, ಮುರಿದ ಮೈಯ ಆರೈಕೆಗೆ ಅಳತೆಯಿಲ್ಲ. ಅದು ಸಮಾರ್ಯದವನಿಗೂ ಗೊತ್ತಿತ್ತು. ಅದಕ್ಕೇ, ಹೆಚ್ಚಾಗಿ ಏನಾದರೂ ವೆಚ್ಚ ಮಾಡಿದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ ಎಂದ. ಎಲ್ಲವನ್ನೂ ಕಳೆದುಕೊಂಡ ಗಾಯಾಳು ಎದ್ದು ನಿಂತಾಗ ಅವನ ತಲೆಯ ಮೇಲೆ ಛತ್ರದ ಸಾಲ ಇರಬಾರದು ಎಂಬ ಎಚ್ಚರ ಆ ಮಾತಿನಲ್ಲಿದೆ.

ಆ ಭರವಸೆಯನ್ನು ಕೇಳಿಸಿಕೊಂಡವನ ಕಡೆಯಿಂದ ನೋಡಿದರೆ ಅದು ಇನ್ನೂ ಭಾರವಾಗುತ್ತದೆ. ಒಬ್ಬ ಸಮಾರ್ಯದವನು ಬರಿಯ ಬಾಯಿಮಾತಿನಲ್ಲಿ ಸಾಲ ಹೇಳಿ ಹೊರಟಿದ್ದಾನೆ. ಅವನ ಊರು ಬೇರೆ, ಅವನ ಆರಾಧನೆಯ ಬೆಟ್ಟ ಬೇರೆ. ಬರದಿದ್ದರೆ ಹುಡುಕುವುದೆಲ್ಲಿ? ನೋಡಿಕೊಳ್ಳುವವನು ತನ್ನ ಕೈಯಿಂದ ಮೊದಲು ಖರ್ಚು ಮಾಡಬೇಕು, ನಂತರ ಕಾಯಬೇಕು. ಪ್ರಯಾಣಿಕರು ಛತ್ರದವನನ್ನು ನಂಬಲು ಹೆದರುತ್ತಿದ್ದ ಕಾಲದಲ್ಲಿ ಇಲ್ಲಿ ಪ್ರಯಾಣಿಕನು ಛತ್ರದವನನ್ನು ನಂಬಿದ್ದಾನೆ, ಛತ್ರದವನು ಪ್ರಯಾಣಿಕನನ್ನು ನಂಬಬೇಕಾಗಿದೆ. ಯೇಸು ಈ ಪಾತ್ರವನ್ನು ಬಿಟ್ಟೇ ಕಥೆ ಹೇಳಬಹುದಿತ್ತು. ಸಮಾರ್ಯದವನು ಗಾಯಾಳುವನ್ನು ತನ್ನ ಮನೆಗೇ ಒಯ್ದನೆಂದು ಹೇಳಿದ್ದರೂ ಕರುಣೆಗೆ ಕೊರತೆಯಾಗುತ್ತಿರಲಿಲ್ಲ. ಬೇಕೆಂದೇ ಛತ್ರವನ್ನು ತಂದಿದ್ದಾನೆ ಎಂದು ನಾನು ನಂಬುತ್ತೇನೆ.

ಮಿಶ್ನಾದಲ್ಲಿ ಇದರ ಪಕ್ಕದಲ್ಲಿಟ್ಟು ಓದಬೇಕಾದ ಒಂದು ಪ್ರಸಂಗವಿದೆ. ಕೆಲವು ಲೇವಿಯರು ಖರ್ಜೂರದ ಊರಾದ ಚೋಗರಿಗೆ ಹೊರಟಿದ್ದಾಗ ದಾರಿಯಲ್ಲಿ ಒಬ್ಬನಿಗೆ ಕಾಯಿಲೆಯಾಯಿತು. ಅವನನ್ನು ಛತ್ರದಲ್ಲಿ ಬಿಟ್ಟು ಮುಂದೆ ಹೋದರು. ಹಿಂತಿರುಗಿ ಬಂದು, ನಮ್ಮ ಗೆಳೆಯನೆಲ್ಲಿ ಎಂದು ಛತ್ರದವಳನ್ನು ಕೇಳಿದರು. ಸತ್ತುಹೋದ, ನಾನೇ ಮಣ್ಣು ಮಾಡಿದೆ ಎಂದಳು. ಅವಳು ಅವನ ಊರುಗೋಲನ್ನೂ ಚೀಲವನ್ನೂ ಅವನ ಬಳಿಯಿದ್ದ ಧರ್ಮಶಾಸ್ತ್ರದ ಸುರುಳಿಯನ್ನೂ ತಂದು ಒಪ್ಪಿಸಿದಳು. ಅವಳ ಮಾತಿನ ಆಧಾರದ ಮೇಲೆ ಸತ್ತವನ ಹೆಂಡತಿಗೆ ಮರುಮದುವೆಯ ಅನುಮತಿ ದೊರೆಯಿತು. ಅವಳ ಸಾಕ್ಷಿಯನ್ನು ಒಪ್ಪುವುದು ಹೇಗೆಂದು ರಬ್ಬಿಗಳು ವಾದಿಸಿದಾಗ ಕೊನೆಗೆ ಎಣಿಕೆಗೆ ಬಂದದ್ದು ಅವಳು ಕಾಪಾಡಿ ಕೊಟ್ಟ ಆ ಮೂರು ವಸ್ತುಗಳು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಸತ್ತವನನ್ನು ಹೂತು, ಅವನ ಸುರುಳಿಯನ್ನು ಮಾರಿಕೊಳ್ಳದೆ ಇಟ್ಟುಕೊಂಡು ಕಾದ ಈ ಹೆಂಗಸಿನ ಕೈಗೆ ಎರಡು ದಿನಾರಿ ಕೊಟ್ಟು ಹೊರಡಲು ಯಾವ ಸಮಾರ್ಯದವನೂ ಹಿಂಜರಿಯಬೇಕಿರಲಿಲ್ಲ.

ನಂತರ ಬಂದವರು

ಹಳೆಯ ಸಭೆಯ ಬೋಧಕರು ಛತ್ರದವನನ್ನು ಪೂರ್ತಿ ಮರೆತಿರಲಿಲ್ಲ ಎಂಬುದನ್ನೂ ಹೇಳಬೇಕು. ಓರಿಗೆನ್ ಮತ್ತು ಆಗಸ್ಟೀನ್ ಛತ್ರವೆಂದರೆ ಸಭೆ ಎಂದರು. ಆಗಸ್ಟೀನನಿಗೆ ಛತ್ರದವನು ಅಪೊಸ್ತಲ ಪೌಲನೇ. ಅದು ಗೌರವವೇ ಸರಿ, ಆದರೆ ಹಾಗೆ ಗೂಢಾರ್ಥಕ್ಕೆ ಏರಿಸಿದಾಗ ನೀರು ಕಾಯಿಸಿದ, ಬಟ್ಟೆ ಒಗೆದ ಮನುಷ್ಯರು ಮರೆಯಾಗುತ್ತಾರೆ. ಅದಕ್ಕಿಂತ ಕೈಯಾರೆ ಉತ್ತರ ಕೊಟ್ಟವರು ನನಗೆ ಹೆಚ್ಚು ಇಷ್ಟ. ರೋಮಿನ ಶ್ರೀಮಂತ ವಿಧವೆ ಪೌಲಾ ನಾಲ್ಕನೆಯ ಶತಮಾನದ ಕೊನೆಯಲ್ಲಿ ಬೆತ್ಲೆಹೇಮಿಗೆ ಬಂದು ನೆಲೆಸಿ, ರಸ್ತೆಯ ಪಕ್ಕದಲ್ಲೇ ಯಾತ್ರಿಕರಿಗಾಗಿ ತಂಗುದಾಣ ಕಟ್ಟಿಸಿದಳು. ಮರಿಯಳಿಗೂ ಯೋಸೇಫನಿಗೂ ಇಲ್ಲಿ ತಂಗಲು ಜಾಗ ಸಿಗಲಿಲ್ಲವೆಂಬ ಕಾರಣಕ್ಕೆ ಎಂದು ಅವಳ ಗೆಳೆಯನಾಗಿದ್ದ ಸತ್ಯವೇದದ ವಿದ್ವಾಂಸ ಜೆರೋಮ್ ಅವಳ ಮರಣದ ನಂತರ ಬರೆದ ಪತ್ರದಲ್ಲಿ ಹೇಳುತ್ತಾನೆ. ಅದೇ ಬೆತ್ಲೆಹೇಮಿನ ಹತ್ತಿರ, ಅವಳಿಗಿಂತ ಸುಮಾರು ಸಾವಿರ ವರ್ಷಗಳ ಹಿಂದೆ ಬಾಬೆಲಿನವರಿಗೆ ಹೆದರಿ ಐಗುಪ್ತಕ್ಕೆ ಹೊರಟ ಜನ ಕಿಮ್ಹಾಮನ ಹೆಸರಿನ ತಂಗುದಾಣದಲ್ಲಿ ಇಳಿದಿದ್ದರೆಂದು ಯೆರೆಮೀಯನ ಗ್ರಂಥದಲ್ಲಿದೆ. ಆ ದಾರಿ ಎಂದೂ ಪ್ರಯಾಣಿಕರಿಲ್ಲದೆ ಇರಲಿಲ್ಲ.

ಕ್ರೈಸ್ತರ ಈ ಕೆಲಸ ಅವರನ್ನು ಒಪ್ಪದವರ ಕಣ್ಣಿಗೂ ಬಿದ್ದಿತು. ಹಳೆಯ ದೇವತೆಗಳ ಆರಾಧನೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟ ಚಕ್ರವರ್ತಿ ಜೂಲಿಯನ್ 362ರ ಸುಮಾರಿಗೆ ಗಲಾತ್ಯದ ಪ್ರಧಾನ ಅರ್ಚಕನಿಗೆ ಪತ್ರ ಬರೆದು, ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರ ಜೊತೆಗೆ ನಮ್ಮವರನ್ನೂ ಸಾಕುತ್ತಿದ್ದಾರೆ, ನೀನು ಪ್ರತಿ ಪಟ್ಟಣದಲ್ಲೂ ಅಪರಿಚಿತರಿಗೆ ತಂಗುದಾಣಗಳನ್ನು ಏರ್ಪಡಿಸು ಎಂದು ಆಜ್ಞಾಪಿಸಿ, ಅದಕ್ಕಾಗಿ ವರ್ಷಕ್ಕೆ 30,000 ಅಳತೆ ಧಾನ್ಯವನ್ನೂ 60,000 ಅಳತೆ ದ್ರಾಕ್ಷಾರಸವನ್ನೂ ಮಂಜೂರು ಮಾಡಿದ. ಮರುವರ್ಷವೇ ಅವನು ಯುದ್ಧದಲ್ಲಿ ಸತ್ತ.

ಅದಾದ ಕೆಲವೇ ವರ್ಷಗಳಲ್ಲಿ ಕಪ್ಪದೋಕ್ಯದ ಕೈಸರೈಯದಲ್ಲಿ ಬಿಷಪ್ ಬಾಸಿಲ್ ಪಟ್ಟಣದ ಹೊರಗೆ ಪ್ರಯಾಣಿಕರಿಗೂ ರೋಗಿಗಳಿಗೂ ಬಡವರಿಗೂ ದೊಡ್ಡದೊಂದು ವಸತಿಯನ್ನು ಕಟ್ಟಿಸಿದ. ಅವನ ಗೆಳೆಯ ಗ್ರೆಗರಿ ಅದನ್ನು ಹೊಸ ಪಟ್ಟಣವೆಂದೇ ಕರೆದ. ಕಟ್ಟಡದ ಬಗ್ಗೆ ಯಾರೋ ಪ್ರಾಂತ್ಯದ ಅಧಿಪತಿ ಎಲಿಯಾಸನಿಗೆ ಚಾಡಿ ಹೇಳಿದಾಗ ಬಾಸಿಲ್ ಪತ್ರ ಬರೆದು, ದಾರಿಯಲ್ಲಿ ಬರುವವರಿಗೂ ಕಾಯಿಲೆಯಿಂದ ಚಿಕಿತ್ಸೆ ಬೇಕಾದವರಿಗೂ ನಾವು ತಂಗಲು ಜಾಗ ಕಟ್ಟಿದರೆ ಯಾರಿಗೆ ಅನ್ಯಾಯ ಮಾಡಿದ ಹಾಗಾಯಿತು ಎಂದು ಕೇಳುತ್ತಾನೆ. ಆಮೇಲೆ ಅಲ್ಲಿಗೆ ಬೇಕಾದುದನ್ನು ಒಂದೊಂದಾಗಿ ಹೆಸರಿಸುತ್ತಾನೆ: ದಾದಿಯರು, ವೈದ್ಯರು, ಹೊರೆ ಹೊರುವ ಪ್ರಾಣಿಗಳು, ಪ್ರಯಾಣಿಕರ ಜೊತೆ ಹೋಗಿ ಮುಟ್ಟಿಸುವವರು. ಯೆರಿಕೋವಿನ ದಾರಿಯ ಛತ್ರದಲ್ಲಿ ಮಾರನೆಯ ದಿನದಿಂದ ಕೆಲಸ ಮಾಡಿದವರು ಇವರೇ. ಬಾಸಿಲನು ಅವರನ್ನು ಅಧಿಪತಿಯ ಮುಂದೆ ಹೆಸರು ಹಿಡಿದು ಎಣಿಸಿ, ಅವರಿಗೆ ಕಟ್ಟಡ ಬೇಕೆಂದು ವಾದಿಸಿದ್ದಾನೆ.